ಲಾಂಡ್ರಿಯ ಹನ್ನೊಂದು ಮಂದಿ

ಚಿಕ್ಕಪ್ಪನ ಸ್ಟುಡಿಯೋದಲ್ಲಿ ಅವಳು ಒಂಬತ್ತು ವರ್ಷ ಮದುವೆ ವಿಡಿಯೋ ಎಡಿಟ್ ಮಾಡಿದ್ದಳು. ಅಲ್ಲಿದ್ದದ್ದು ಒಂದೇ ಕಟ್ಟಳೆ: ಯಾರನ್ನೂ ಕತ್ತರಿಸುವ ಹಾಗಿಲ್ಲ. ವರನ ಸೋದರತ್ತೆ ಎರಡು ಸೆಕೆಂಡು ಕಡಿಮೆ ಕಂಡರೂ ಸಾಕು, ಯಾರಾದರೊಬ್ಬರು ಮುಖ ಊದಿಸಿಕೊಂಡು ಸ್ಟುಡಿಯೋ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹಾಗಾಗಿ ನಕ್ಕವರು, ಉಂಡವರು, ಆಕಳಿಸಿದವರು, ಯಾರನ್ನೂ ಅವಳು ಬಿಡುತ್ತಿರಲಿಲ್ಲ.

ಮೂವತ್ತೆರಡನೆಯ ವಯಸ್ಸಿಗೆ ವಿದ್ಯಾರ್ಥಿವೇತನ ಸಿಕ್ಕಿ ಸಿನಿಮಾ ಓದಲು ಪರದೇಶಕ್ಕೆ ಹೊರಟಾಗ ಆ ಕಟ್ಟಳೆಯೂ ಬಟ್ಟೆಬರೆಯ ಜೊತೆ ಬಂದುಬಿಟ್ಟಿತ್ತು.

ಮೊದಲ ವರ್ಷದ ಕೊನೆಗೆ ಎಲ್ಲರೂ ಏಳು ನಿಮಿಷದ ಒಂದೊಂದು ಚಿತ್ರ ಒಪ್ಪಿಸಬೇಕು. ತರಗತಿಯ ಹನ್ನೆರಡು ಮಂದಿಯಲ್ಲಿ ಆರು ಜನಕ್ಕೆ ಮಾತ್ರ ಎರಡನೆಯ ವರ್ಷ. ಉಳಿದವರು ಗಂಟುಮೂಟೆ ಕಟ್ಟಬೇಕು. ಅವಳು ಹಾಸ್ಟೆಲಿನ ಹಿಂದಿನ ಲಾಂಡ್ರಿಯನ್ನು ಆರಿಸಿಕೊಂಡಳು. ಒಗೆಯುವವರು, ಹಿಂಡುವವರು, ಇಸ್ತ್ರಿ ಮಾಡುವವರು, ಮಾಲೀಕ ಎಲ್ಲ ಸೇರಿ ಹನ್ನೊಂದು ಮಂದಿ. “ನೀವೆಲ್ಲರೂ ಇರ್ತೀರಿ” ಎಂದು ತನ್ನ ಹರಕುಮುರುಕು ಭಾಷೆಯಲ್ಲಿ ಮಾತು ಕೊಟ್ಟಳು. ಮಾಲೀಕ ಮರುದಿನವೇ ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದ.

ತರಗತಿಯಲ್ಲಿ ಚಿತ್ರ ತೋರಿಸಿದಾಗ ಹಿಂದಿನ ಸಾಲಿನಿಂದ ಯಾರೋ ಅಂದರು, “ಗ್ರೂಪ್ ಫೋಟೋ ಚೆನ್ನಾಗಿದೆ.” ಎಲ್ಲರೂ ನಕ್ಕರು. ಎಡಿಟಿಂಗ್ ಮೇಡಂ ಮಾತ್ರ ನಗಲಿಲ್ಲ. ನಲವತ್ತು ವರ್ಷ ಅದೇ ಕೆಲಸದಲ್ಲಿ ತಲೆ ನರೆತ ಹೆಂಗಸು.

“ಇದರಲ್ಲಿ ನನಗೆ ನೆನಪುಳಿಯಬೇಕಾದವರು ಯಾರು?”

“ಎಲ್ಲರೂ, ಮೇಡಂ.”

“ಹಾಗಾದರೆ ಯಾರೂ ಉಳಿಯಲ್ಲ. ಒಂದು ವಾರ ಇದೆ ನೋಡಿ.”

ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿದಳು.

“ಹತ್ತು ಜನರನ್ನ ತೆಗೀಬೇಕಂತೆ ಚಿಕ್ಕಪ್ಪ.”

“ಅಯ್ಯೋ ಮಗಳೇ, ಅವರ ಮನೆಯೋರು ಜಗಳಕ್ಕೆ ಬರಲ್ವಾ?”

“ಬಂದ್ರೆ ನಿಮ್ಮ ನಂಬರ್ ಕೊಡ್ತೀನಿ.”

“ಕೊಡು. ಅವರ ಭಾಷೆ ನನಗೆ ತಿಳಿಯಲ್ಲ, ಎಷ್ಟು ಬೈದ್ರೂ ನಡೆಯುತ್ತೆ.”

ನಗುತ್ತಲೇ ಫೋನ್ ಇಟ್ಟಳು. ಆಮೇಲೆ ಚಿತ್ರೀಕರಿಸಿದ್ದನ್ನೆಲ್ಲ ಮೊದಲಿನಿಂದ ನೋಡುತ್ತ ಕೂತಳು. ಮೂರನೆಯ ದಿನ ಒಂದು ಕಡೆ ಕೈ ನಿಂತಿತು. ಇಸ್ತ್ರಿ ಮಾಡುವ ಅಜ್ಜಿ ಪ್ರತಿ ಅಂಗಿಯನ್ನೂ ಮಡಿಸುವ ಮುಂಚೆ ಕುತ್ತಿಗೆಯ ಗುಂಡಿ ಹಾಕಿ, ಕಾಲರನ್ನು ಎರಡೂ ಕೈಯಿಂದ ಸವರುತ್ತಿದ್ದಳು, ಶಾಲೆಗೆ ಹೊರಟ ಮಗುವಿನ ಮುಂದೆ ನಿಂತವಳ ಹಾಗೆ. ನೂರು ಅಂಗಿಗೂ ಅದೇ ಕೈ, ಅದೇ ಅಕ್ಕರೆ. ತಾನೇ ತೆಗೆದಿದ್ದ ದೃಶ್ಯ. ಕಣ್ಣಿಗೆ ಬಿದ್ದದ್ದು ಈಗ.

ಉಳಿದ ಹತ್ತು ಮುಖಗಳನ್ನು ಒಂದೊಂದಾಗಿ ತೆಗೆದಳು. ಪ್ರತಿ ಸಲವೂ ಯಾರದೋ ಮನೆಯ ಬಾಗಿಲು ಮುಚ್ಚಿದಂತೆ ಸಂಕಟವಾಯಿತು.

ಆದರೆ ಲಾಂಡ್ರಿಗೆ ಹೋಗಿ ವಿಷಯ ತಿಳಿಸಿದಾಗ ಅಜ್ಜಿ ಒಪ್ಪಲಿಲ್ಲ. “ನಾನೊಬ್ಬಳೇನಾ? ಬೇಡ ಕಣಮ್ಮ. ನಾಳೆ ಇವರ ಜೊತೆಗೇ ನಾನು ಊಟಕ್ಕೆ ಕೂರಬೇಕು.”

ಅಜ್ಜಿ ಬೇಡವೆಂದ ಮೇಲೆ ಚಿತ್ರವೂ ಇಲ್ಲ, ಎರಡನೆಯ ವರ್ಷವೂ ಇಲ್ಲ. ಬೇರೆ ದಾರಿ ತೋಚದೆ, ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ ಲ್ಯಾಪ್‌ಟಾಪನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಹನ್ನೊಂದೂ ಜನರನ್ನು ಕರೆದಳು. “ಅಜ್ಜಿಯೊಬ್ಬರನ್ನ ಬಿಟ್ಟು ನಿಮ್ಮನ್ನೆಲ್ಲ ಚಿತ್ರದಿಂದ ತೆಗೆದುಹಾಕಿದ್ದೀನಿ. ಮಾತಿಗೆ ತಪ್ಪಿದ್ದು ನಾನು, ಅಜ್ಜಿಯಲ್ಲ. ನೋಡಿ, ಬೇಡ ಅಂದ್ರೆ ಒಪ್ಪಿಸಲ್ಲ.”

ಏಳು ನಿಮಿಷದ ಚಿತ್ರ ಮುಗಿಯಿತು.

“ನಾನು ಒಂದು ಸೆಕೆಂಡೂ ಇಲ್ವಲ್ಲಮ್ಮ” ಎಂದ ಮಾಲೀಕ.

“ನಿಮ್ಮ ಧ್ವನಿ ಇದೆ. ಒಳಗಿನಿಂದ ಬೈಯೋದು.”

“ಅಷ್ಟು ಕೂದಲಿಗೆ ಬಣ್ಣ ಹಾಕಿಸಿ, ಉಳಿದಿದ್ದು ಬೈಗುಳ.”

ಹಿಂಡುವ ಯಂತ್ರದವನು ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ. “ಹನ್ನೆರಡು ವರ್ಷದಿಂದ ಇವಳ ಪಕ್ಕದಲ್ಲೇ ನಿಂತಿದ್ದೀನಿ. ಹೀಗೆ ಗುಂಡಿ ಹಾಕ್ತಾಳೆ ಅಂತ ನನಗೇ ಗೊತ್ತಿರ್ಲಿಲ್ಲ” ಎಂದು ಅಜ್ಜಿಯ ಕಡೆ ತಿರುಗಿದ. “ಚಿತ್ರ ಕೊಡಲಿ ಬಿಡು. ಊಟಕ್ಕೆ ನನ್ನ ಪಕ್ಕ ಕೂತ್ಕೋ.”

ಅಜ್ಜಿ ಸೆರಗಿಲ್ಲದ ಉಡುಪಿನ ತೋಳಿನಿಂದಲೇ ಮುಖ ಒರೆಸಿಕೊಂಡು, “ಆಯ್ತು, ಕೊಡು” ಅಂದಳು.

ಮರುದಿನ ಮೇಡಂ ಎಲ್ಲೂ ನಿಲ್ಲಿಸದೆ ಚಿತ್ರ ನೋಡಿದರು. ದೀಪ ಹೊತ್ತಿದ ಮೇಲೆ ಅವಳ ಕಡೆ ತಿರುಗಿದರು.

“ಇನ್ನೂ ನಲವತ್ತು ಸೆಕೆಂಡು ಹೆಚ್ಚಿದೆ. ಸೋಮವಾರ ಎರಡನೇ ವರ್ಷದ ಕೋಣೆಗೆ ಬಂದು ತೆಗೀರಿ.”

“ಯಾವ ನಲವತ್ತು, ಮೇಡಂ?”

“ನೀವೇ ಹೇಳಬೇಕು.”

ಅವಳಿಗೆ ಗೊತ್ತಿತ್ತು. ಲಾಂಡ್ರಿಯ ಕಿಟಕಿಯ ಹಬೆಯಲ್ಲಿ ಬಿಸಿಲು ತೇಲುವ ದೃಶ್ಯ. ಅದು ಅಜ್ಜಿಗೆ ಸೇರಿದ್ದಲ್ಲ. ತನಗೆ ಇಷ್ಟವಾಯಿತೆಂದು ತಾನೇ ಉಳಿಸಿಕೊಂಡದ್ದು.