ನಮ್ಮವರಿಗೆ ಶಾಲು ಇಲ್ಲ

ಎನ್.ಆರ್.ಪುರದ ಸೇವಾ ಕ್ಲಬ್ಬಿಗೆ ನನ್ನನ್ನು ಸೇರಿಸಿದವರು ಮೆಡಿಕಲ್ ಶಾಪಿನವರು. ಅವರ ಗದ್ದೆಯನ್ನು ಮೊದಲಿನಿಂದಲೂ ಹೂಡುತ್ತಿದ್ದವನು ನಾನೇ. ಒಂದು ದಿನ ಅಂಚಿನ ಮೇಲೆ ಕೊಡೆ ಹಿಡಿದು ನಿಂತು, "ನೀನೂ ನಮ್ಮ ಕ್ಲಬ್ಬಿಗೆ ಸೇರು ಮಾರಾಯ. ಡಾಕ್ಟ್ರು, ವಕೀಲ್ರು ಎಲ್ಲ ಇದಾರೆ. ಕೆಲಸ ಮಾಡೋರು ಒಬ್ರಾದ್ರೂ ಬೇಡ್ವಾ?" ಎಂದರು. ಅದು ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ಆದರೂ ಒಳಗೊಳಗೇ ಖುಷಿಯಾಯಿತು.

ನಾನು ಆರನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನು. ಕಡಹಿನಬೈಲಿನಲ್ಲಿ ಬೇರೆಯವರ ಗದ್ದೆಗೆ ಕೂಲಿಗೆ ಹೋದೆ. ಆಮೇಲೆ ಇನ್ನೊಬ್ಬರ ಟಿಲ್ಲರ್ ಓಡಿಸಿದೆ. ಕೊನೆಗೆ ನನ್ನದೇ ಟಿಲ್ಲರ್, ನನ್ನದೇ ಪಿಕಪ್ ಗಾಡಿ ಮಾಡಿಕೊಂಡೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಹೂಡಿದ ಗದ್ದೆಯಲ್ಲಿ ನೀರು ಒಂದು ಮೂಲೆಗೆ ಹೋಗಿ ನಿಂತದ್ದನ್ನು ಯಾರೂ ನೋಡಿಲ್ಲ.

ಸೇರಿದ ದಿನ ಎಲ್ಲರೆದುರು ನಿಲ್ಲಿಸಿ ಪ್ರತಿಜ್ಞೆ ಹೇಳಿಸಿದರು, ಅಂಗಿಯ ಜೇಬಿನ ಮೇಲೆ ಸಣ್ಣ ಬ್ಯಾಡ್ಜ್ ಚುಚ್ಚಿದರು. ಬಟ್ಟೆ ಒಗೆಯುವಾಗ ನನ್ನ ಹೆಂಡತಿ ಅದನ್ನು ಬಿಚ್ಚಿ ದೇವರ ಪಟದ ಹತ್ತಿರ ಇಡುತ್ತಿದ್ದಳು.

ಸಭೆಗಳಲ್ಲಿ ಅರ್ಧಕ್ಕರ್ಧ ಇಂಗ್ಲಿಷ್. ಗಂಟೆ ಬಾರಿಸಿದಾಗ ಏಳಬೇಕೋ ಕೂರಬೇಕೋ ಗೊತ್ತಾಗದೆ ಪಕ್ಕದವರನ್ನು ನೋಡುತ್ತಿದ್ದೆ. ಆದರೆ ಒಂದು ಸಭೆ ಪೂರ್ತಿ ಅರ್ಥವಾಯಿತು. ನಮ್ಮ ಡಾಕ್ಟರು ಶೃಂಗೇರಿಯ ಆರೋಗ್ಯ ಶಿಬಿರದಲ್ಲಿ ಬೆಳಗಿನಿಂದ ಸಂಜೆಯವರೆಗೆ ಪುಕ್ಕಟೆ ರೋಗಿಗಳನ್ನು ನೋಡಿದ್ದರು. ಅವರಿಗೆ ಒಂದು ಸನ್ಮಾನ ಮಾಡೋಣ ಎಂದು ಯಾರೋ ಎದ್ದು ಹೇಳಿದರು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಅಧ್ಯಕ್ಷರು ತಕ್ಷಣ ತಲೆ ಅಲ್ಲಾಡಿಸಿದರು.

"ಅದು ನಮ್ಮ ಕ್ಲಬ್ಬಲ್ಲಿ ಇಲ್ಲ. ನಮ್ಮವರಿಗೆ ನಾವೇ ಶಾಲು ಹೊದಿಸಿಕೊಂಡ್ರೆ ಊರೋರು ನಗ್ತಾರೆ. ಶಾಲು ಏನಿದ್ರೂ ಹೊರಗಿನೋರಿಗೆ."

ಡಾಕ್ಟರೇ ಮೊದಲು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಳ್ಳೆಯ ಪದ್ಧತಿ ಅನ್ನಿಸಿತು.

ಕಾಯಿಲೆಯಿಂದ ಮಲಗಿದಲ್ಲೇ ಇರುವವರ ಮನೆಗೆ ಆಸ್ಪತ್ರೆಯಲ್ಲಿ ಇರುವಂಥ ಮಡಚುವ ಮಂಚ, ಗಾಲಿ ಕುರ್ಚಿ ಕೊಡುವುದು, ಅವರ ಉಪಯೋಗ ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡುವುದು ನಮ್ಮ ಕ್ಲಬ್ಬಿನ ಕೆಲಸ. ಹೊಸ ಮಂಚಗಳಿಗೆ ಹಣ ಒಟ್ಟುಮಾಡಲು ಆ ಮಳೆಗಾಲದಲ್ಲಿ ಕೆಸರುಗದ್ದೆ ಆಟ ಇಟ್ಟುಕೊಂಡೆವು. ಓಟ, ಹಗ್ಗಜಗ್ಗಾಟ, ಹೆಂಗಸರಿಗೆ ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವ ಆಟ, ಪಕ್ಕದಲ್ಲಿ ಕಡುಬು, ಪತ್ರೊಡೆ, ಕಾಫಿ ಅಂಗಡಿ. ಗದ್ದೆ ತಯಾರು ಮಾಡುವುದು ಯಾರು ಎಂದು ಅಧ್ಯಕ್ಷರು ಕೇಳುವ ಮೊದಲೇ ನಾನು ಕೈ ಎತ್ತಿದೆ. ಬಾಡಿಗೆ ಮಾತು ಬಂದಾಗ, "ಡಾಕ್ಟ್ರು ಶಿಬಿರಕ್ಕೆ ಫೀಸು ತಗೊಂಡ್ರಾ?" ಎಂದೆ. ಎಲ್ಲರೂ ನಕ್ಕರು. ಆ ದಿನ ಮೊದಲ ಸಲ ಸಭೆಯಲ್ಲಿ ನಾನು ಕೂತ ಕುರ್ಚಿ ನನ್ನದು ಅನ್ನಿಸಿತು.

ಆಟದ ಗದ್ದೆಗೆ ಟಿಲ್ಲರ್ ಒಂದು ಸುತ್ತು ಹೊಡೆದು ನೀರು ಬಿಟ್ಟರೆ ಸಾಕಂತೆ. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೈ ಕೇಳುತ್ತಿತ್ತೋ ಇಲ್ಲವೋ. ಅಂಚು ಕಡಿದು, ಕೆಸರು ಮೆತ್ತಿ, ಮೂರು ಸಲ ಹೂಡಿ, ನಡುವೆ ಮಣ್ಣು ಕೊಳೆಯಲು ಬಿಟ್ಟು, ಕೊನೆಗೆ ಹಲಗೆ ಹೊಡೆದು ಸಮ ಮಾಡಿದೆ. ನಾಟಿಗೆ ಅಂಥ ಗದ್ದೆ ಸಿಕ್ಕಿದರೆ ಸಸಿ ತಾನಾಗಿ ನಿಲ್ಲುತ್ತದೆ. ಮಣ್ಣು ಬೆಣ್ಣೆಯ ಹಾಗಿತ್ತು.

ಬೆಳಿಗ್ಗೆ ಅಧ್ಯಕ್ಷರು ತೆಂಗಿನಕಾಯಿ ಒಡೆದು, ಉದ್ಘಾಟನೆಗೆಂದು ಗದ್ದೆಗೆ ಒಂದು ಕಾಲಿಟ್ಟರು. ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಇನ್ನೊಂದನ್ನು ಇಟ್ಟರು. ಅದೂ ಹೋಯಿತು.

"ಇದೆಂತ ಮಾರಾಯ್ರೆ, ಗದ್ದೆಯೋ ಬಾವಿಯೋ?" ಎಂದು ಕೂಗಿದರು. ನಾಲ್ಕು ಜನ ಹಿಡಿದು ಎಳೆದಾಗ ಅವರು ಬಂದರು, ಚಪ್ಪಲಿ ಬರಲಿಲ್ಲ.

ಓಟದ ಸ್ಪರ್ಧೆಯಲ್ಲಿ ಯಾರೂ ಓಡಲಿಲ್ಲ, ನಟ್ಟ ಸಸಿಯ ಹಾಗೆ ನಿಂತರು. ಹಾಳೆಯ ಮೇಲೆ ಕೂತ ಹೆಂಗಸರು ಕೂತಲ್ಲೇ ಇದ್ದರು, ಎಳೆಯಲು ಹೋದವರು ಅವರ ಪಕ್ಕದಲ್ಲಿ ಕೂತರು. ಮೈಕಿನವನು, "ಮೊದಲ ಸ್ಥಾನ ಯಾರಿಗೆ ಅಂತ ನಾಳೆ ಬೆಳಿಗ್ಗೆ ಬಂದು ನೋಡಿ ಹೇಳ್ತೀವಿ" ಎಂದ. ಜನ ಬಿದ್ದು ಬಿದ್ದು ನಕ್ಕರು. ಕೊಪ್ಪ, ಜಯಪುರದಿಂದ ಬಂದವರು ಫೋನ್ ಮಾಡಿ ಇನ್ನಷ್ಟು ಜನರನ್ನು ಕರೆಸಿದರು. ನಾನು ಅಂಚಿನ ಮೇಲೆ ಕೈಕಟ್ಟಿ ನಿಂತಿದ್ದೆ. ನನ್ನ ಕೆಲಸ ಕೆಟ್ಟಿತೋ ಗೆದ್ದಿತೋ ತಿಳಿಯುತ್ತಿರಲಿಲ್ಲ.

ಹಗ್ಗಜಗ್ಗಾಟಕ್ಕೆ ಕ್ಲಬ್ಬಿನ ತಂಡವೂ ಇತ್ತು. ಹಗ್ಗದ ಕೊನೆಯಲ್ಲಿ ನಿಲ್ಲುವುದು ನಾನೇ ಎಂದು ಚಡ್ಡಿ ಬಿಗಿ ಮಾಡಿಕೊಂಡು ಇಳಿದೆ.

"ನೀನು ಟಿಲ್ಲರ್ ಹತ್ರ ಇರು ಮಾರಾಯ," ಎಂದರು ಮೆಡಿಕಲ್ ಶಾಪಿನವರು. "ನಾವು ಹೂತು ಹೋದ್ರೆ ಎಳೆಯೋರು ಬೇಕಲ್ಲ."

ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕು ಮೇಲೆ ಬಂದೆ. ಆದರೆ ಕ್ಲಬ್ಬಿನ ತಂಡ ಹಗ್ಗ ಹಿಡಿಯುವಾಗ ಆ ನಗು ನನ್ನ ಮುಖದಲ್ಲಿ ಉಳಿದಿರಲಿಲ್ಲ.

ಬಹುಮಾನ ಕೊಡುವ ಹೊತ್ತಿಗೆ ಮೈಕಿನಲ್ಲಿ ನನ್ನನ್ನು ವೇದಿಕೆಗೆ ಕರೆದರು. ಮೈಯೆಲ್ಲ ಕೆಸರು. ಬ್ಯಾಡ್ಜ್ ಇದ್ದ ಅಂಗಿ ಪಿಕಪ್ಪಿನಲ್ಲಿ ಉಳಿದಿತ್ತು. ಸದಸ್ಯರೆಲ್ಲ ಒಟ್ಟಿಗೆ ನಿಲ್ಲುವ ಫೋಟೋ ಇರಬೇಕು ಎಂದು ಹತ್ತಿದೆ. ನೋಡಿದರೆ ನಡುವೆ ಒಂದೇ ಕುರ್ಚಿ. ಅದರಲ್ಲಿ ನನ್ನನ್ನು ಕೂರಿಸಿದರು. ಪೇಟ ಇಟ್ಟರು, ಹಾರ ಹಾಕಿದರು, ಕೆಸರಿನ ಮೈಮೇಲೆ ಜರಿ ಅಂಚಿನ ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಚೌಕಟ್ಟು ಹಾಕಿದ ಸನ್ಮಾನ ಪತ್ರವನ್ನು ಒಬ್ಬರು ಓದಿದರು. ಶ್ರಮಜೀವಿ, ಮಣ್ಣಿನ ಮಗ, ನಮ್ಮ ಸಂಸ್ಥೆಯ ಹಿತೈಷಿ.

ಸದಸ್ಯ ಎನ್ನುವ ಮಾತು ಬರುತ್ತದೆ ಎಂದು ಕಾದೆ. ಓದುವುದು ಮುಗಿಯಿತು. ಚಪ್ಪಾಳೆ ಬಿತ್ತು. ಎದುರಿನ ಸಾಲಿನಲ್ಲಿ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಡಾಕ್ಟರ ಸಭೆ ನೆನಪಾಯಿತು. ಶಾಲು ಏನಿದ್ದರೂ ಹೊರಗಿನವರಿಗೆ. ಹಾಗಾದರೆ ನಾನು ಯಾವಾಗ ಹೊರಗೆ ಹೋದೆ? ಒಳಗೆ ಬಂದದ್ದು ಸುಳ್ಳೇ?

ಮನೆಗೆ ಬಂದ ಮೇಲೆ ಹೆಂಡತಿ ಸನ್ಮಾನ ಪತ್ರವನ್ನು ಬಾಗಿಲಿಗೆ ಎದುರಾಗಿ ಮೊಳೆ ಹೊಡೆದು ನೇತುಹಾಕಿದಳು.

"ಅದನ್ನ ತೆಗಿ," ಎಂದೆ.

"ಎಂತಕ್ಕೆ? ನಿಮ್ಮನ್ನ ಅಷ್ಟು ಜನರೆದುರು ಕೂರಿಸಿ ಮರ್ಯಾದೆ ಮಾಡಿದಾರೆ. ನಿಮ್ಮ ಡಾಕ್ಟ್ರಿಗೆ ಮಾಡಿದಾರಾ?"

"ಅದೇ ಕಣೆ, ಅವ್ರಿಗೆ ಮಾಡಿಲ್ಲ."

"ಮತ್ತೆ? ನಿಮ್ಮದೇ ಮೇಲಾಯ್ತಲ್ಲ!"

ಅವಳು ಹೇಳುವುದರಲ್ಲೂ ತಪ್ಪಿಲ್ಲ ಅನ್ನಿಸುತ್ತಿತ್ತು. ಸಿಟ್ಟು ಮಾಡಿಕೊಳ್ಳಲು ಹೋದರೆ ಕಾರಣ ಸಿಗದು, ಸಂತೋಷಪಡಲು ಹೋದರೆ ಏನೋ ಚುಚ್ಚುತ್ತದೆ. ಮುಂದಿನ ಎರಡು ಸಭೆಗೆ ಟಿಲ್ಲರ್ ಕೆಟ್ಟಿದೆ ಎಂದು ಸುಳ್ಳು ಹೇಳಿ ಹೋಗಲಿಲ್ಲ.

ಅಷ್ಟರಲ್ಲಿ ಹೊಸ ಮಂಚ ಬಂತು. ಮೊದಲನೆಯದು ಮುತ್ತಿನಕೊಪ್ಪದ ಒಂದು ಮನೆಗೆ ಹೋಗಬೇಕಿತ್ತು. ಅಲ್ಲಿ ಸೊಂಟ ಮುರಿದುಕೊಂಡ ಅಜ್ಜಿಯೊಬ್ಬರು ಮಲಗಿದ್ದರು. ಅಧ್ಯಕ್ಷರೇ ಫೋನ್ ಮಾಡಿ ಪಿಕಪ್ ತರುತ್ತೀರಾ ಎಂದು ಕೇಳಿದರು. ಕ್ಲಬ್ಬಿನ ಮೇಲೆ ಎಷ್ಟು ಬೇಜಾರಿದ್ದರೂ ಮಂಚಕ್ಕೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಈ ಸಲ ಬ್ಯಾಡ್ಜ್ ಇರುವ ಅಂಗಿಯನ್ನೇ ಹಾಕಿಕೊಂಡು ಹೊರಟೆ. ಅಧ್ಯಕ್ಷರು ಮಂಚ ಎತ್ತಬೇಕೆಂದು ಹಳೆಯ ಬನಿಯನ್, ಮಡಚಿ ಕಟ್ಟಿದ ಲುಂಗಿಯಲ್ಲಿ ಬಂದು ಪಕ್ಕದಲ್ಲಿ ಕೂತರು.

ಅರ್ಧ ದಾರಿಯಲ್ಲಿ ಕೇಳಿಯೇಬಿಟ್ಟೆ. "ಸಾರ್, ನಾನು ಒಳಗಿನೋನಾ, ಹೊರಗಿನೋನಾ?"

ಅವರು ಕಿಟಕಿಯ ಕಡೆ ತಿರುಗಿದರು.

"ಸುಳ್ಳು ಹೇಳೋದಿಲ್ಲ ಮಾರಾಯ್ರೆ. ಗದ್ದೆ ಹೂಡಿದೋರಿಗೆ ಒಂದು ಸನ್ಮಾನ ಅಂತ ಪಟ್ಟಿಯಲ್ಲಿ ಬರ್ದೆ. ನಿಮ್ಮನ್ನ ಟಿಲ್ಲರ್ ಹಿಂದೆ ನೋಡಿದಾಗ ನಮ್ಮ ಸದಸ್ಯರು ಅನ್ನೋದೇ ಮರೆತು ಹೋಯ್ತು. ಶಾಲು ಹೊದಿಸೋವಾಗ ನೆನಪಾಯ್ತು. ಆಗ ಎಂತ ಮಾಡೋದು?"

ಮರೆತದ್ದು ಅವಮಾನವೋ, ಒಪ್ಪಿಕೊಂಡದ್ದು ದೊಡ್ಡತನವೋ ಎಂದು ಯೋಚಿಸುತ್ತ ಗಾಡಿ ಓಡಿಸಿದೆ.

ಆ ಮನೆಯಲ್ಲಿ ಇಬ್ಬರೂ ಸೇರಿ ಮಂಚ ಒಳಗಿಟ್ಟೆವು. ನಟ್ಟು ಬೋಲ್ಟು ನಾನು ಬಿಗಿ ಮಾಡಿದೆ. ಅಧ್ಯಕ್ಷರು ಅಡಿಯಲ್ಲಿ ಮಲಗಿ ಗಾಲಿ ಹಿಡಿದುಕೊಂಡರು. ಅಜ್ಜಿಯನ್ನು ಮಲಗಿಸಿ, ಹಿಡಿಕೆ ತಿರುಗಿಸಿ ತಲೆಯ ಭಾಗ ಎತ್ತಿದಾಗ, ಅವರು ಕಿಟಕಿಯಿಂದ ಹೊರಗೆ ನೋಡಿ, "ದನ ಒಳಗೆ ಕಟ್ಟಿಲ್ವೇನೇ ಇನ್ನೂ?" ಎಂದು ಸೊಸೆಯನ್ನು ಗದರಿದರು.

ಸೊಸೆ ಕಾಫಿ ತಂದಳು. ನನ್ನ ಬ್ಯಾಡ್ಜನ್ನು ನೋಡಿ ಮೊದಲ ಲೋಟ ನನಗೆ ಕೊಟ್ಟಳು.

"ಕ್ಲಬ್ಬಿನೋರು ನೀವೇ ಬಂದ್ರಲ್ಲ, ದೊಡ್ಡ ಉಪಕಾರ ಆಯ್ತು," ಎಂದು, ಅಧ್ಯಕ್ಷರ ಕಡೆ ಕೈ ಮಾಡಿ ಮೆಲ್ಲಗೆ ಕೇಳಿದಳು. "ಇವ್ರಿಗೆ ಮಂಚ ಹೊತ್ತದ್ದಕ್ಕೆ ನಾವೇ ಏನಾದ್ರೂ ಕೊಡಬೇಕಾ?"

ಬನಿಯನ್ನಿನ ತುಂಬ ಗ್ರೀಸು, ತಲೆಯಲ್ಲಿ ಜೇಡರ ಬಲೆ. ಅಧ್ಯಕ್ಷರು ನನ್ನ ಮುಖ ನೋಡಿದರು. ಒಂದು ಮಾತಿನಲ್ಲಿ ಲೆಕ್ಕ ತೀರಿಸಿಬಿಡಬಹುದಿತ್ತು. ಬಾಯಿಗೂ ಬಂದಿತ್ತು.

"ಏನೂ ಬೇಡ ಕಣಮ್ಮಾ," ಎಂದೆ. "ಇವರೂ ನಮ್ಮವರೇ."

ಅಧ್ಯಕ್ಷರು ಕಾಫಿ ಲೋಟಕ್ಕೆ ಮುಖ ಹಾಕಿ ಕುಡಿದರು. ವಾಪಸು ಬರುವಾಗ, ಆ ಫ್ರೇಮನ್ನು ತಂದುಕೊಟ್ಟರೆ ಬೇರೆ ಬರೆಸಿಕೊಡುತ್ತೇನೆ ಎಂದರು.

"ನನ್ನ ಹೆಂಡತಿ ಬಿಡೋದಿಲ್ಲ ಸಾರ್," ಎಂದೆ.

ಅದು ಇನ್ನೂ ಬಾಗಿಲಿನ ಎದುರಿಗೇ ಇದೆ. ಸಭೆಗೆ ಹೋಗುವ ದಿನ ಬ್ಯಾಡ್ಜ್ ಚುಚ್ಚಿಕೊಂಡು ಅದರ ಎದುರಿನಿಂದಲೇ ಹೊರಡುತ್ತೇನೆ. ಆ ಪತ್ರ, ಈ ಬ್ಯಾಡ್ಜ್ ಎರಡೂ ಒಟ್ಟಿಗೆ ಹೇಗೆ ನಿಜ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.