ಪಾಪಮ್ಮನ ಮುಂಗೋಡೆ

ಪಾಪಮ್ಮನಿಗೆ ಇದ್ದದ್ದು ಒಂದೇ ಹಟ. ಸಾಯುವುದರೊಳಗೆ ಸಿಮೆಂಟಿನ ಮನೆಯಲ್ಲಿ ಮಲಗಬೇಕು. ನಾನು ಗಾರೆ ಮೇಸ್ತ್ರಿ ದೇವರಾಜು. ಬಿಳಿಗೆರೆ ಸುತ್ತಮುತ್ತ ನಾನು ಕಟ್ಟಿದ ಮನೆಗಳಿಗೆಲ್ಲ ಬಾಂಡ್ಲಿ ಹೊತ್ತವಳು ಅವಳೇ. ಅವಳ ಬೆರಳ ಸಂದನ್ನೆಲ್ಲ ಸಿಮೆಂಟ್ ತಿಂದುಹಾಕಿದೆ. ಹಗಲೆಲ್ಲ ಊರವರ ಮನೆಗೆ ಸಿಮೆಂಟ್ ಹೊತ್ತು, ಸಂಜೆ ತನ್ನ ಮಣ್ಣಿನ ಗುಡಿಸಲಿಗೆ ಬಗ್ಗಿ ನುಗ್ಗುತ್ತಿದ್ದಳು.

ಆ ಮಣ್ಣಾದರೂ ಒಳ್ಳೆಯದೇ? ನಮ್ಮ ಕೇರಿಯವರು ಆಗ ಕೆರೆಯ ಜೇಡಿಮಣ್ಣು ಮುಟ್ಟುವಂತಿರಲಿಲ್ಲ. ತಿಪ್ಪೆ ಪಕ್ಕದ ಗುಂಡಿಯಿಂದ ತಂದು ಕಲಸಿದ್ದು, ಜೋರು ಮಳೆಗೆ ಒಂದಲ್ಲ ಒಂದು ಮೂಲೆ ಕುಸಿಯುತ್ತಿತ್ತು. ಸ್ಕೂಲಲ್ಲಿ ಮಗಳು ಕವನಳನ್ನು ಹುಡುಗರು ‘ಮಣ್ಮನೆ’ ಅಂತ ರೇಗಿಸಿದಾಗ ಪಾಪಮ್ಮ ಸೆರಗು ಸಿಕ್ಕಿಸಿಕೊಂಡು ಅಲ್ಲಿಗೇ ಹೋಗಿ ಜಗಳ ಆಡಿದ್ದಳು.

ಅದೇ ಕವನ ಈಗ ಡಿಪ್ಲೊಮಾ ಓದಿ ತಾಂಡ್ಯದ ಇಟ್ಟಿಗೆ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದಾಳೆ. ಸರ್ಕಾರದಿಂದ ಮನೆ ಮಂಜೂರಾಗಿ, ಪಾಯ ತೆಗೆದದ್ದೇ ತಡ, ಅವಳು ಬಾಂಬ್ ಹಾಕಿದಳು.

“ಅವ್ವಾ, ಪಾಯದಾಗೆ ಬಂದ ಮಣ್ಣಲ್ಲೇ ಇಟ್ಟಿಗೆ ಒತ್ತಿಸ್ತೀನಿ. ಸಿಮೆಂಟ್ ಬದ್ಲು ಉಕ್ಕಿನ್ ಫ್ಯಾಕ್ಟ್ರೀಲಿ ಮಿಕ್ಕೋ ಕಿಟ್ಟದ ಪುಡಿ, ಒಂದಿಷ್ಟು ಸುಣ್ಣ. ಸಿಮೆಂಟ್ ಸುಡಾಕೆ ಎಷ್ಟ್ ಹೊಗೆ ಬತ್ತದೆ ಗೊತ್ತಾ? ಬಿಸ್ಲು ಇಂಗೆ ಏರ್ತಿರೋಕೆ ಅದೂ ಒಂದ್ ಕಾರಣ ಕಣವ್ವ.”

“ಅಂಗಾರೆ ಇದು ಮಣ್ಣಾ?”

“ಮಣ್ಣೇ. ಆದ್ರೆ ಮಣ್ಣಲ್ಲ.”

ಪಾಪಮ್ಮ ನನ್ನ ಮುಖ ನೋಡಿದಳು. ನಾನು ಯಾರ ಮುಖ ನೋಡಲಿ? ಸಿಮೆಂಟ್ ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ.

ಕವನ ತಂದ ಮಾದರಿ ಇಟ್ಟಿಗೆಯನ್ನು ಪಾಪಮ್ಮ ಬೆಳಿಗ್ಗೆ ನೀರಿನ ಬಕೆಟ್ಟಿಗೆ ಹಾಕಿ ಕೆಲಸಕ್ಕೆ ಬಂದಳು. ಸಂಜೆಗೆ ರಾಡಿಯಾಗಿರುತ್ತೆ ಅಂತ ಅವಳಿಗೆ ಗ್ಯಾರಂಟಿ. ಹೋಗಿ ನೋಡಿದರೆ ಇಟ್ಟಿಗೆ ಇಟ್ಟ ಹಾಗೇ ಕೂತಿತ್ತು, ನೀರೂ ತಿಳಿಯಾಗಿತ್ತು. ಬೇರೆಯವರಾದರೆ ಖುಷಿಪಡುತ್ತಿದ್ದರು. ಇವಳ ತಲೆ ಇನ್ನೂ ಕೆಟ್ಟಿತು.

“ಕರಗಿದ್ರೆ ಬ್ಯಾಡ ಅನ್ಬೋದಿತ್ತು ದೇವರಾಜಣ್ಣ. ಈಗ ಏನನ್ಲಿ?” ಅಂದಳು.

ಏನೂ ಅನ್ನಲಾಗದೆ ಒಪ್ಪಿಕೊಂಡಳು. ಒತ್ತಿದ ಇಟ್ಟಿಗೆಗಳಿಗೆ ಗೋಣಿಚೀಲ ಹೊದಿಸಿ ವಾರಗಟ್ಟಲೆ ನೀರು ಹೊಡೆದೆವು. ಸಿಮೆಂಟಿನಷ್ಟು ಬೇಗ ಗಟ್ಟಿಯಾಗುವ ಜಾತಿಯಲ್ಲ ಅದು. ಪಾಪಮ್ಮ ದಿನಾ ಉಗುರಲ್ಲಿ ಕೆರೆದು ನೋಡುವಳು; ಪುಡಿ ಬಂದರೆ ಮಗಳಿಗೆ ಬೈಗುಳ, ಬಾರದಿದ್ದರೆ ನನಗೆ ಅನುಮಾನದ ನೋಟ. ಕೊನೆಗೂ ಗೋಡೆ ಎದ್ದಿತು. ಗಟ್ಟಿ ಗೋಡೆ, ಸುಳ್ಳು ಯಾಕೆ ಹೇಳಲಿ. ಆದರೆ ಬಣ್ಣ ಮಾತ್ರ ಅಪ್ಪಟ ಕೆಮ್ಮಣ್ಣು.

ಹಾದಿಯಲ್ಲಿ ಹೋಗುವವರು ಸುಮ್ಮನಿರುತ್ತಾರಾ? “ಏನ್ ಪಾಪಮ್ಮಾ, ತಿರ್ಗಾ ಮಣ್ಮನೇನಾ?” ಅಂದರು. ಅವತ್ತು ಅವಳು ಮರಳಿನ ಗುಡ್ಡೆ ಮೇಲೆ ಕೂತು ಗೊಳೋ ಅಂತ ಅತ್ತಳು. ಮುಂಗೋಡೆಗಾದರೂ ಸಿಮೆಂಟ್ ಬಳಿಯಬೇಕು, ಇಲ್ಲದಿದ್ದರೆ ಈ ಮನೆಗೆ ಕಾಲಿಡಲ್ಲ ಅಂತ ಕೂತಲ್ಲೇ ಹೇಳಿದಳು.

“ಗೋಡೆಗೆ ಅದು ಬೇಕಿಲ್ಲ ಕಣವ್ವ. ಬರೀ ತೋರಿಕೆಗೆ,” ಅಂದಳು ಕವನ.

“ತೋರಿಕೆಗೇ ಬೇಕು ಕಣೆ ನಂಗೆ!”

ಬುದ್ಧ ಪೂರ್ಣಿಮೆಗೆ ಒಕ್ಕಲಾಗುವುದೆಂದು ಗೊತ್ತುಮಾಡಿದ್ದರು. ಅದಕ್ಕೆ ಮುಂಚಿನ ಸೋಮವಾರ ನಾನು ಗಾರೆ ಕಲಸಿ, ಕರಣೆ ಹಿಡಿದು ಮುಂಗೋಡೆಗೆ ನಿಂತೆ. ಅಷ್ಟರಲ್ಲಿ ಮೇಲಿನ ಬೀದಿಯ ರುದ್ರಾಣಮ್ಮ ಬಂದರು. ಅವರ ತಾರಸಿ ಮನೆಗೆ ಗಾರೆ ಹೊತ್ತವಳೂ ಪಾಪಮ್ಮನೇ. ನಮ್ಮ ಕೇರಿಗೆ ಅವರು ಬಂದದ್ದನ್ನು ನಾನು ನೋಡಿದ್ದೇ ಮೊದಲು. ಬಂದವರು ಗೋಡೆಗೆ ಅಂಗೈ ಇಟ್ಟು, “ಎಷ್ಟ್ ತಣ್ಣಗದೆ! ನಮ್ ಸಿಮೆಂಟ್ ಮನೆ ಬೇಸಿಗೇಲಿ ಒಲೆ ಕಣಮ್ಮ, ಒಳಗಿರಾಕಾಗಲ್ಲ. ನಮ್ ಮಗ ಬಸವಪ್ರಸಾದ ತೋಟದಲ್ಲಿ ಮನೆ ಕಟ್ಟುಸ್ತಾನೆ, ಇಂಥದೇ ಬೇಕಂತೆ. ಮೇಲೆ ಏನೂ ಬಳೀದೆ, ಮಣ್ಣು ಕಾಣಂಗೆ. ಕವನಾ, ಇಟ್ಟಿಗೆ ಕೊಡುಸ್ತೀಯಾ?” ಅಂದರು.

ಕವನಳ ಮುಖ ಅರಳಿತು. ಪಾಪಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರುದ್ರಾಣಮ್ಮ ಹೋದಮೇಲೂ ಅವರು ಅಂಗೈ ಇಟ್ಟ ಜಾಗವನ್ನೇ ನೋಡುತ್ತ ನಿಂತಿದ್ದಳು. ನನ್ನ ಗಾರೆ ಗಟ್ಟಿಯಾಗುತ್ತಿತ್ತು.

“ಬಳೀಲಾ, ಬ್ಯಾಡ್ವಾ?” ಅಂತ ಕೇಳಿದೆ.

ಅವಳು ಮಗಳ ಕಡೆ ತಿರುಗಿದಳು. “ನಾವು ಮಣ್ಣಲ್ಲಿದ್ದಾಗ ಮಣ್ಣು ಅವಮಾನ. ಈಗ ನಮ್ಗೆ ಸಿಮೆಂಟ್ ಸಿಕ್ಕೋ ಒತ್ಗೆ ಸಿಮೆಂಟ್ ಕೆಟ್ಟದ್ದಾಯ್ತಾ?”



“ಬಳಿ ದೇವರಾಜಣ್ಣ,” ಅಂದಳು ಪಾಪಮ್ಮ. “ನಾನೂ ಒಂದ್ ದಪ ಸಿಮೆಂಟ್ ಮನೇಲಿದ್ದು ನೋಡ್ತೀನಿ. ಬ್ಯಾಸ್ರ ಆದ್ಮೇಲೆ ನಾನೇ ಕಿತ್ತಾಕ್ತೀನಿ.”