ನೆಲಕ್ಕೆ ಮೂತಿಯಿಟ್ಟ ರಾಕೆಟ್ಟುಗಳು

ಮೊಮ್ಮಗ ಇವತ್ತು ಎದೆಯ ಮೇಲೆ ರಾಕೆಟ್ ಚಿತ್ರವಿರುವ ಅಂಗಿ ತೊಟ್ಟು ಬಂದ. ಎಷ್ಟು ವರ್ಷವಾದರೂ ಮುಗಿಯದ ಯಾವುದೋ ಸರಣಿಯದಂತೆ. ನನಗೆ ಥಟ್ಟನೆ ಸುಶೀಲಳ ಲಂಗ ಕಣ್ಣಿಗೆ ಕಟ್ಟಿತು.

ಆಗ ವಾರಪತ್ರಿಕೆಯಲ್ಲಿ ಆಕಾಶಯಾನದ ಧಾರಾವಾಹಿಯೊಂದು ವರ್ಷಗಟ್ಟಲೆ ಬರುತ್ತಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗ ಕೆಟ್ಟು ನಿಂತರೂ "ಚಂದ್ರಲೋಕಕ್ಕೆ ಹೋಯ್ತು" ಎನ್ನುತ್ತಿದ್ದರು. ಪಕ್ಕದ ಮನೆಯ ನೇಕಾರ ರಾಮಣ್ಣ ಮಾವ ಊಟಕ್ಕೆ ಕೂತಾಗ ನಾನೇ ಅದನ್ನು ಓದಿ ಹೇಳುತ್ತಿದ್ದೆ. ಅವರ ಮಗಳು ಸುಶೀಲ ಅರ್ಧಕ್ಕೇ ನಿದ್ದೆ ಹೋಗುತ್ತಿದ್ದಳು.

ಹಬ್ಬಕ್ಕೆ ಮಾವ ಹೊಸ ಅಂಚು ನೇಯ್ದರು, ಸಾಲಾಗಿ ಜರಿಯ ರಾಕೆಟ್ಟುಗಳು. ಲಂಗ ಹೊಲಿಸಿದ್ದು ಸುಶೀಲಳಿಗೆ. ನನಗೆ ಅದೇ ಹಳೇ ಮಾವಿನಕಾಯಿ ಅಂಚು. ಗಂಜಿ ವಾಸನೆಯ ಆ ಲಂಗವನ್ನು ಸರಬರ ಎನ್ನಿಸುತ್ತ ಅವಳು ನಮ್ಮ ಜಗಲಿಯ ಮುಂದೆ ಸುಮ್ಮಸುಮ್ಮನೆ ಓಡಾಡಿದಾಗ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಆಗ ಕಂಡಿತು. ಮಗ್ಗದ ಮೇಲೆ ಬಟ್ಟೆ ಅಡ್ಡಡ್ಡ ಕಾಣುತ್ತದೆ. ಉಟ್ಟಾಗ ಯಾವುದು ಮೇಲೆ ಬರುತ್ತದೆಂಬುದನ್ನು ಮಾವ ಮರೆತಿದ್ದರು. ರಾಕೆಟ್ಟುಗಳೆಲ್ಲ ನೆಲಕ್ಕೆ ಮೂತಿಯಿಟ್ಟಿದ್ದವು.

"ಲೇ ಸುಶೀಲಾ, ನಿನ್ ರಾಕೆಟ್ಟೆಲ್ಲಾ ಬಿದ್ದೋಗ್ತಾ ಅವೆ ಕಣೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅವಳು ಬಗ್ಗಿ ಅಂಚು ನೋಡಿದಳು. "ಬೀಳ್ತಿಲ್ಲ ಕಣೇ. ಮನೆಗೆ ವಾಪಸ್ ಬರ್ತಾ ಅವೆ."

ಮಾವ ನಕ್ಕರು. ಜಗಲಿಯಲ್ಲಿ ಕೂತಿದ್ದ ನಮ್ಮಪ್ಪ, ನನ್ನ ಸ್ವಂತ ಅಪ್ಪ, ಎದ್ದು ಹೋಗಿ ಅವಳ ತಲೆ ಸವರಿದರು.

ಮೊಮ್ಮಗನ ರಾಕೆಟ್ ಮೇಲಕ್ಕೇ ಮುಖ ಮಾಡಿದೆ, ನೋಡಿದೆ. ಲಂಗದ ಆಸೆ ಎಂದೋ ಹೋಯಿತು. ಆದರೆ ವಾರವಾರ ಓದಿದವಳು ನಾನು, ಆ ಮಾತು ಹೊಳೆದದ್ದು ನಿದ್ದೆ ಹೊಡೆದವಳಿಗೆ. ಅದು ಇನ್ನೂ ಉರಿಯುತ್ತದೆ.